ಪ್ಲಗ್ಗಲ್ಲಿ ಏನೈತೆ ಸಾ?

ಮೊನ್ನೆ ಮತ್ತೆ ಅದೇ ಕತೆ. ತುಮಕೂರಿನ ಗುಜರಿಗೆ ಹಳೇ ಪ್ರೊಜೆಕ್ಷನ್ ಟಿವಿ ಬಂದಿದೆ, ಕೆಂಪು, ಹಸಿರು, ನೀಲಿ ಮೂರೂ ಪಿಕ್ಚರ್ ಟ್ಯೂಬ್ ಒಡೆದಿಲ್ಲ ಅಂತ ಸುದ್ದಿ. ಹೋಗಿ ನೋಡಿದರೆ ಟ್ಯೂಬು ನಿಜವಾಗಿಯೂ ಒಡೆದಿರಲಿಲ್ಲ. ಟ್ಯೂಬಿನ ಕುತ್ತಿಗೆ ಸುತ್ತ ಕೂತು, ಎಲೆಕ್ಟ್ರಾನ್ ಕಿರಣವನ್ನು ಅಡ್ಡಕ್ಕೂ ಮೇಲೆಕೆಳಕ್ಕೂ ಓಡಿಸಿ ಚಿತ್ರ ಬಿಡಿಸುವ ಕಾಯಿಲ್ ಇದೆಯಲ್ಲ, ಆ ಯೋಕಿನ ವೈರ್ ಮಾತ್ರ ಬುಡದಿಂದ ಒಂದಿಂಚು ಬಿಟ್ಟು ಕಚಕ್. ಪ್ಲಗ್ ಎಲ್ಲಿ? ಬೋರ್ಡಲ್ಲಿ. ಬೋರ್ಡ್ ಎಲ್ಲಿ? ‘ನಿನ್ನೇನೇ ಲೋಡ್ ಆಯ್ತು ಸಾ.’

ಪ್ಲಗ್ ಹಿಡಿದು ಎಳೆಯಲು ಎರಡು ಸೆಕೆಂಡ್ ಸಾಕು. ಕತ್ತರಿಸಲಿಕ್ಕೂ ಅಷ್ಟೇ ಬೇಕು. ಆದರೂ ಈ ಗುಜರಿಯ ಪುಣ್ಯಾತ್ಮ ಕತ್ತರಿಸುವವನೇ. ಕೇಳಿದರೆ ಉತ್ತರ ಸಿದ್ಧ: ‘ವೈರ್‌ನಾಗೆ ತಾಮ್ರ ಐತೆ. ಪ್ಲಗ್ಗಲ್ಲಿ ಏನೈತೆ ಸಾ? ಬರೀ ಪ್ಲಾಸ್ಟಿಕ್ಕು.’ ತಿಪಟೂರಿನವರು ಕೊಬ್ಬರಿ ಅಲ್ಲಾಡಿಸಿ ಕಿವಿಗೆ ಹಿಡಿದಂತೆ ಯೋಕನ್ನು ಅಲ್ಲಾಡಿಸಿ, ಕೈಯಲ್ಲೇ ತೂಗಿ, ಇಷ್ಟು ಗ್ರಾಂ ತಾಮ್ರ ಅಂದುಬಿಡುತ್ತಾನೆ. ಅದು ಸುರುಳಿಯಾಗಿ ಸುತ್ತಿಕೊಂಡಿರುವುದಕ್ಕೂ ಏನೋ ಅರ್ಥ ಇರಬಹುದು ಅನ್ನುವ ಅನುಮಾನ ಆ ಮುಖದಲ್ಲಿ ಒಮ್ಮೆಯೂ ಹಾದಿಲ್ಲ.

ಆ ಒಂದಿಂಚಿನ ಬೆಲೆ ಕೇಳಿ. ತುಂಡು ವೈರುಗಳಿಗೆ ಮೀಟರ್ ಹಿಡಿಯಬೇಕು. ಒಂದು ಓಮಿನ ಆಸುಪಾಸು ತೋರಿಸುವ ಜೋಡಿ ಅಡ್ಡ ಕಾಯಿಲ್, ಹಲವು ಓಮ್ ತೋರಿಸುವುದು ನಿಲುವು ಕಾಯಿಲ್. ಜೋಡಿಯೇನೋ ಸಿಕ್ಕಿತು, ದಿಕ್ಕು ಮೀಟರಿಗೆ ಹೇಗೆ ಗೊತ್ತಾಗಬೇಕು? ಅಡ್ಡ ಕಾಯಿಲಿನ ಎರಡು ವೈರ್ ಅದಲುಬದಲಾದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ, ನಿಲುವಿನದಾದರೆ ತಲೆಕೆಳಗು. ಕೆಂಪು ಟ್ಯೂಬೊಂದಕ್ಕೇ ಹೀಗಾಯಿತು ಅನ್ನಿ, ವಾರ್ತೆ ಓದುವಾಕೆಯ ತುಟಿ ಒಂದು ಕಡೆ, ಲಿಪ್‌ಸ್ಟಿಕ್ ಇನ್ನೊಂದು ಕಡೆ!

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಟ್ಯೂಬ್ ಸವೆದಿದ್ದರೂ ಸವೆದದ್ದು ಎಲೆಕ್ಟ್ರಾನ್ ಉಗುಳುವ ಒಳಗಿನ ಕ್ಯಾಥೋಡ್ ಮತ್ತು ಬೆಳಕು ಕೊಡುವ ಮುಖದ ಫಾಸ್ಫರ್ ಮಾತ್ರ. ಯೋಕ್, ಮೂರು ಬಣ್ಣವನ್ನು ಒಂದರ ಮೇಲೊಂದು ಕೂರಿಸುವ ಕನ್ವರ್ಜೆನ್ಸ್ ಕಾಯಿಲ್, ಮ್ಯಾಗ್ನೆಟ್ ರಿಂಗ್, ಮಸೂರ ಇವೆಲ್ಲ ಇನ್ನೊಂದು ಸೆಟ್ಟಿಗೆ ಆಗುವ ಸಾಮಾನೇ. ಆದರೆ ಮೊದಲು ಚಾರ್ಜ್ ಇಳಿಸಬೇಕು. ಮೂವತ್ತು ಸಾವಿರ ವೋಲ್ಟ್ ಓಡಿದ ಗಾಜು, ಸ್ವಿಚ್ ಆರಿಸಿ ದಿನಗಳಾದರೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಗ್ರೌಂಡಿಗೆ ಕಟ್ಟಿದ ವೈರನ್ನು ಉದ್ದ ಹಿಡಿಯ ಸ್ಕ್ರೂಡ್ರೈವರಿಗೆ ಸಿಕ್ಕಿಸಿ ಆನೋಡಿಗೆ (ಹೈವೋಲ್ಟೇಜ್ ಟ್ಯೂಬಿನೊಳಗೆ ಹೋಗುವ ಜಾಗ) ಎರಡು ಮೂರು ಸಲ ಮುಟ್ಟಿಸಬೇಕು, ಒಂದು ಸಲಕ್ಕೆ ಪೂರ್ತಿ ಇಳಿಯುವುದಿಲ್ಲ. ಆನೋಡಿನ ದಪ್ಪ ವೈರ್ ಹಲವು ಟ್ಯೂಬುಗಳಲ್ಲಿ ಗಾಜಿಗೇ ಅಂಟಿರುತ್ತದೆ. ಅದನ್ನು ಟ್ಯೂಬಿನ ಕಡೆಯಿಂದ ಕೀಳಬಾರದು, ಇನ್ನೊಂದು ತುದಿಯಲ್ಲಿ ಬಿಚ್ಚಬೇಕು.

ಟ್ಯೂಬಿನ ಕುತ್ತಿಗೆಯ ತುದಿಗೆ ಸಿಕ್ಕಿಸಿದ ನೆಕ್ ಬೋರ್ಡನ್ನು ನೇರ ಹಿಂದಕ್ಕೆ ಎಳೆಯಬೇಕು. ಹಲ್ಲು ಕೀಳುವವರಂತೆ ಅಲುಗಾಡಿಸಿದರೆ ಕುತ್ತಿಗೆ ಮುರಿದು ಗಾಳಿ ಒಳಗೆ ನುಗ್ಗುತ್ತದೆ. ಕುತ್ತಿಗೆಯೊಳಗಿನ ಬೆಳ್ಳಿಬಣ್ಣದ ಕಲೆ ಬಿಳಿಯಾಗಿದ್ದರೆ ಆ ಟ್ಯೂಬ್ ತೀರಿಕೊಂಡಿದೆ, ಶ್ರದ್ಧಾಂಜಲಿ. ಕ್ಲ್ಯಾಂಪ್ ಸಡಿಲಿಸುವ ಮೊದಲು ಯೋಕ್ ಯಾವ ಕೋನದಲ್ಲಿ ಕೂತಿದೆ, ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಿ. ಇಲ್ಲದಿದ್ದರೆ ಆಮೇಲೆ ಇಡೀ ಸಂಜೆ ಓರೆ ಚಿತ್ರದ ಮುಂದೆ ಕತ್ತು ಓರೆ ಮಾಡಿಕೊಂಡು ಕೂರಬೇಕು.

ಮುಖದ ಕಡೆ ಗಾಜಿಗೂ ಮಸೂರಕ್ಕೂ ನಡುವೆ ಗ್ಲೈಕಾಲ್ ಬೆರೆತ ಕೂಲೆಂಟ್ ತುಂಬಿರುತ್ತದೆ. ಸ್ಕ್ರೂ ಬಿಚ್ಚುವ ಮೊದಲು ಕೆಳಗೆ ಬೋಗುಣಿ ಇಡಿ, ಅದು ಅಡುಗೆಮನೆಯ ಬೋಗುಣಿ ಆಗದಿರಲಿ. ಈ ನೀರು ಸಿಹಿ, ವಿಷವೂ ಹೌದು. ಬೀದಿನಾಯಿಗೆ ಸಿಹಿ ಮಾತ್ರ ಗೊತ್ತಾಗುತ್ತದೆ, ಅದಕ್ಕೇ ಚರಂಡಿಗೆ ಚೆಲ್ಲಬಾರದು. ಹಳೇ ರಬ್ಬರ್ ರಿಂಗನ್ನೇ ಮತ್ತೆ ಕೂರಿಸಿದರೆ ನಾಳೆಯೇ ತೊಟ್ಟಿಕ್ಕುತ್ತದೆ. ಮಸೂರವನ್ನು ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ, ಲುಂಗಿ ಅಂಚಿನಲ್ಲಿ ಬೇಡ.

ಮಸೂರ ತೆಗೆದಾಗ ಟ್ಯೂಬಿನ ಬೋಳು ಮುಖ ಕಾಣುತ್ತದೆ. ಏಳಿಂಚಿನ ಗಾಜಿನ ಮೂಲೆಯಲ್ಲಿ, ಚಾನೆಲ್ಲಿನ ಗುರುತೋ ಸ್ಕೋರಿನ ಪಟ್ಟಿಯೋ ವರ್ಷಗಟ್ಟಲೆ ಕೂತು ಸುಟ್ಟ ಕಂದು ಕಲೆ. ಬೆಳಕಿಗೆ ಓರೆ ಹಿಡಿದರೆ ಅಂಕಿಯ ಜಾಗವೂ ತಿಳಿಯುತ್ತದೆ, ಅಂಕಿ ಮಾತ್ರ ಇಲ್ಲ. 2003ರ ಮಾರ್ಚ್ 23ರಂದು, ವಿಶ್ವಕಪ್ ಕ್ರಿಕೆಟ್ ಫೈನಲ್ ದಿನ, ಇಂಥ ಎಷ್ಟು ಟ್ಯೂಬುಗಳ ಮುಂದೆ ಎಷ್ಟು ಮಂದಿ ಊಟ ಬಿಟ್ಟು ಕೂತಿದ್ದರೋ. ಆಸ್ಟ್ರೇಲಿಯಾ 359, ನಾವು 125 ರನ್ನಿನ ಸೋಲು. ಗಾಜನ್ನು ಒರೆಸುವ ಕೈ ಅಲ್ಲಿ ಸ್ವಲ್ಪ ನಿಧಾನವಾಗುತ್ತದೆ.

ಗುಜರಿಯವನಿಗೆ ಈ ಸಲ ಗಟ್ಟಿಯಾಗಿ ಹೇಳಿದ್ದಾಯಿತು: ‘ಅಣ್ಣಾ, ಮುಂದಿನ ಸಲ ಪ್ಲಗ್ ಬೇಕೇ ಬೇಕು, ತೂಕಕ್ಕಿಂತ ಜಾಸ್ತಿ ಕೊಡ್ತೀವಿ.’ ಭಾನುವಾರ ಫೋನ್ ಬಂತು. ಓಡಿಹೋದರೆ ಒಂದು ಸಿಮೆಂಟ್ ಚೀಲ ಮುಂದಿಟ್ಟ. ಒಳಗೆ ಎರಡು ಕಿಲೋ ಪ್ಲಗ್ಗು. ಒಂದಕ್ಕೂ ವೈರಿಲ್ಲ.