ಪ್ರಿಲಿಮ್ಸ್, ಮೇನ್ಸ್, ಕೆಎಟಿ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಮನೆ ಇದೆ. ಕೆಳಗೆ ನಾವು, ಮೇಲೆ ಮೂರು ಖೋಲಿ, ಖೋಲಿಗೊಬ್ಬ ಭಾವೀ ಉಪವಿಭಾಗಾಧಿಕಾರಿ. ಮೂಲೆ ಖೋಲಿಯ ಹುಡುಗ ಬಂದಾಗ ಮೀಸೆ ಸರಿಯಾಗಿ ಮೂಡಿರಲಿಲ್ಲ, ಈಗ ಅದಕ್ಕೆ ಕಪ್ಪು ಹಚ್ಚುತ್ತಾನೆ. ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಿಸಿಲ್ಲ. ಹಾಗಾಗಿ ಲೋಕಸೇವಾ ಆಯೋಗವನ್ನು ಯಾರಾದರೂ ಬೈದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಆಯೋಗದ ಕಚೇರಿಯಾದ ಉದ್ಯೋಗ ಸೌಧದಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದುಬಿಟ್ಟರೆ ನನ್ನ ಖೋಲಿಗಳಿಗೆ ಬೀಗ ಬೀಳುತ್ತದೆ. ಉಣ್ಣುವ ಗಂಗಾಳಕ್ಕೆ ಉಗುಳಬಾರದು.

ಕೆಎಎಸ್, ಅಂದರೆ ಕರ್ನಾಟಕ ಆಡಳಿತ ಸೇವೆಯ ಪರೀಕ್ಷೆಗೆ ಮೂರು ಹಂತ, ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಎಂದು ಹೊರಗಿನವರು ತಿಳಿದಿದ್ದಾರೆ. ಅದು ಹಳೇ ಲೆಕ್ಕ. 200 ಅಂಕದ ಸಂದರ್ಶನವನ್ನು ಸೊರಗಿಸಿ ಸೊರಗಿಸಿ 25ಕ್ಕೆ ತಂದರು. ಖಾಲಿಯಾದ ಜಾಗದಲ್ಲಿ ಈಗ ಕೆಎಟಿ, ಅಂದರೆ ಸರಕಾರಿ ನೌಕರಿಯ ವ್ಯಾಜ್ಯ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಚಾಪೆ ಹಾಸಿಕೊಂಡು ಕೂತಿದೆ. ಅದರ ಮೇಲೆ ಹೈಕೋರ್ಟು, ಅದರ ಮೇಲೆ ದಿಲ್ಲಿ. ಈ ಪರೀಕ್ಷೆಯಲ್ಲಿ ನೆಗೆಟಿವ್ ಮಾರ್ಕಿಂಗ್ ಕೂಡ ಬೇರೆ ಥರ: ತಪ್ಪು ಉತ್ತರಕ್ಕೆ ಕಳೆಯುವುದು ಅಂಕದ ಕಾಲು ಭಾಗವಲ್ಲ, ಮುಂದಿನ ತಾರೀಖು ಬರುವಷ್ಟರಲ್ಲಿ ಮೂರು ತಿಂಗಳ ಆಯಸ್ಸು.

2011ರ ಬ್ಯಾಚನ್ನೇ ನೋಡಿ. 362 ಗೆಜೆಟೆಡ್ ಪ್ರೊಬೇಷನರ್, ಅಂದರೆ ಈ ಪರೀಕ್ಷೆಯಿಂದಲೇ ತುಂಬುವ ಅಧಿಕಾರಿ ಹುದ್ದೆ. ಪರೀಕ್ಷೆ ಆಯಿತು, ಸಂದರ್ಶನ ಆಯಿತು, ಅಕ್ರಮದ ದೂರು ಬಂತು, ಸಿಐಡಿ ಬಂತು. 2014ರಲ್ಲಿ ಸರಕಾರ ಅಧಿಸೂಚನೆಯನ್ನೇ ವಾಪಸ್ ಪಡೆಯಿತು. 2016ರಲ್ಲಿ ಕೆಎಟಿ, ಅದು ಸರಿಯಲ್ಲ, ನೇಮಿಸಿ ಎಂದಿತು. 2018ರಲ್ಲಿ ಹೈಕೋರ್ಟು, ಕೆಎಟಿ ಹೇಳಿದ್ದೇ ಸರಿಯಲ್ಲ ಎಂದಿತು. ಇನ್ನೇನು ಮುಗಿಯಿತು ಅಂದುಕೊಂಡರೆ 2022ರಲ್ಲಿ ವಿಧಾನಮಂಡಲವೇ ಒಂದು ಕಾಯ್ದೆ ಮಾಡಿ, ಆ ಆಯ್ಕೆ ಸಿಂಧು ಎಂದು ಸಾರಿತು. ಇಡೀ ಒಂದು ಕಾಯ್ದೆ, ಒಂದೇ ಬ್ಯಾಚಿಗಾಗಿ! ನಮ್ಮ ಓಣಿಯ ಗಟಾರಕ್ಕೆ ಒಂದು ಕಲ್ಲುಹಾಸು ಹಾಕಿಸಲು ನಾನು ಏಳು ಅರ್ಜಿ ಕೊಟ್ಟಿದ್ದೇನೆ, ಅದು ಬೇರೆ ಮಾತು. ಆ ಹನ್ನೊಂದು ವರ್ಷದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರೂ ಹೇಗೆ ಕೆಲಸ ಮಾಡುತ್ತವೆ ಎಂದು ಅಭ್ಯರ್ಥಿಗಳಿಗೆ ಪ್ರಾತ್ಯಕ್ಷಿಕೆ ಸಮೇತ ಪಾಠವಾಯಿತು. ಯಾವ ಕೋಚಿಂಗ್ ಸೆಂಟರು ಇಷ್ಟು ಚೆನ್ನಾಗಿ ಸಂವಿಧಾನ ಕಲಿಸುತ್ತದೆ?

ಇದಕ್ಕೂ ಹಿರಿಯಣ್ಣ 1998ರ ಬ್ಯಾಚು. ಅವರು ನೌಕರಿಗೆ ಸೇರಿದ್ದೇ 2006ರಲ್ಲಿ. ಸೇರಿ, ಜೀಪು ಹತ್ತಿ, ಬಡ್ತಿ ಪಡೆದು, ಮಕ್ಕಳನ್ನು ಇಂಜಿನಿಯರಿಂಗಿಗೆ ಸೇರಿಸುವ ಹೊತ್ತಿಗೆ, ಕೋರ್ಟಿನ ಆದೇಶದಂತೆ 2019ರಲ್ಲಿ ಪರಿಷ್ಕೃತ ಪಟ್ಟಿ ಬಂತು. ಪರೀಕ್ಷೆಗೆ ಅರ್ಜಿ ಕರೆದಾಗ ಹುಟ್ಟಿದ ಕೂಸು ಆ ಹೊತ್ತಿಗೆ ತಾನೇ ಪರೀಕ್ಷೆ ಬರೆಯುವ ವಯಸ್ಸಿಗೆ ಬಂದಿತ್ತು. ನಿನ್ನೆಯವರೆಗೆ ಸಹಿ ಹಾಕುತ್ತಿದ್ದವರು ಇನ್ನು ಯಾರ ಮುಂದೆ ಕಡತ ಹಿಡಿದು ನಿಲ್ಲಬೇಕೋ! 'ಗೆದ್ದವನು ಸೋತ, ಸೋತವನು ಸತ್ತ' ಎಂದು ಕೋರ್ಟು ಕಚೇರಿಯ ಬಗ್ಗೆ ಹಿರಿಯರು ಹೇಳಿದ್ದು ಜಮೀನು ವ್ಯಾಜ್ಯ ನೋಡಿ. ಪಾಪ, ಅವರಿಗೆ ಪರಿಷ್ಕೃತ ಪಟ್ಟಿ ಗೊತ್ತಿರಲಿಲ್ಲ.

ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಯದು ಮತ್ತೊಂದು ಸೊಗಸು. 545 ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ. ಕೆಲವರ ಕಿವಿಯಲ್ಲಿ ಬ್ಲೂಟೂತ್ ಇತ್ತು, ಕೆಲವರು ಮನೆಗೆ ಹೋದ ಮೇಲೂ ಅವರ ಒಎಂಆರ್, ಅಂದರೆ ಉತ್ತರದ ಗೋಲ ತುಂಬುವ ಹಾಳೆ ತಾನೇ ತಾನಾಗಿ ಉತ್ತರ ಬರೆದುಕೊಂಡಿತು. ತನಿಖೆ ನಡೆದಂತೆ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧಿತರಾದರು. ಪೊಲೀಸರೇ ಪೊಲೀಸರನ್ನು ಹುಡುಕಿ, ಪೊಲೀಸ್ ಆಗಬೇಕಿದ್ದವರನ್ನೂ ಠಾಣೆಗೆ ಕರೆತಂದರು. ಠಾಣೆ ಸೇರಬೇಕೆಂಬ ಕೆಲವರ ಆಸೆ ಹೀಗಾದರೂ ಈಡೇರಿತು. ಸರಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಪ್ರಾಮಾಣಿಕವಾಗಿ ಬರೆದವರು ಕೋರ್ಟಿಗೆ ಹೋದರು: ಅವನು ಕಳ್ಳ ಅಂತ ನನ್ನ ಹಾಳೆ ಯಾಕೆ ಹರೀತೀರಿ? ನ್ಯಾಯವಾದ ಪ್ರಶ್ನೆಯೇ. ಆದರೆ ಅಕ್ಕಿಯಿಂದ ಕಲ್ಲು ಆರಿಸುವುದಕ್ಕಿಂತ ಮೂಟೆಯನ್ನೇ ಚೆಲ್ಲುವುದು ಸುಲಭ. 2023ರ ನವೆಂಬರಿನಲ್ಲಿ ಹೈಕೋರ್ಟು ಮರುಪರೀಕ್ಷೆ ಎಂದಿತು, 2024ರ ಜನವರಿಯಲ್ಲಿ ಅದೂ ಆಯಿತು.

ಇನ್ನು ಕನ್ನಡದ ವಿಷಯ. 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪ್ರಿಲಿಮ್ಸ್ ನಡೆಯಿತು. ಪ್ರಶ್ನೆಗಳ ಕನ್ನಡ ಹೇಗಿತ್ತೆಂದರೆ, ಅದನ್ನು ಮತ್ತೆ ಕನ್ನಡಕ್ಕೆ ಅನುವಾದಿಸಲು ಒಬ್ಬರು ಬೇಕಿತ್ತು. ಗಲಾಟೆಯಾಯಿತು, ಮುಖ್ಯಮಂತ್ರಿಗಳು ಮರುಪರೀಕ್ಷೆ ಎಂದರು. ಡಿಸೆಂಬರ್ 29ಕ್ಕೆ ಮತ್ತೆ ಬರೆದರು. ಮತ್ತೆ ಅದೇ ಕನ್ನಡ! ಮೂಲೆ ಖೋಲಿಯ ಹುಡುಗ ಪತ್ರಿಕೆ ತಂದು ನನ್ನ ಮುಂದಿಟ್ಟ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದೆ.

"ಇದರ ಕರ್ತೃಪದ ಎಲ್ಲೈತೋ?"

"ರಜಾ ಮ್ಯಾಲ ಹೋಗೇತ್ರಿ ಸರ."

ಕನ್ನಡ ಅರ್ಥವಾಗದಿದ್ದರೆ ಇಂಗ್ಲಿಷ್ ನೋಡಿಕೋ, ಅದೇ ಅಂತಿಮ ಎನ್ನುವುದು ಇಂಥಲ್ಲಿ ಸಿಗುವ ಸಮಾಧಾನ. ಕನ್ನಡ ನಾಡಿನ ಅಧಿಕಾರಿಯಾಗಲು, ಕನ್ನಡದಲ್ಲಿ ಓದಿದ ಹುಡುಗ, ಕನ್ನಡದ ಪ್ರಶ್ನೆ ತಿಳಿಯಲು ಇಂಗ್ಲಿಷ್ ಕಲಿಯಬೇಕು. ಕೆಎಟಿಯಲ್ಲಿ ಈ ಅನುವಾದವೂ ದಾವೆಯಾಯಿತು. ನವೆಂಬರ್ 1ಕ್ಕೆ ಧ್ವಜ ಏರಿಸುವವರಿಗೆ ಈ ಕಡೆ ನೋಡಲು ಪುರುಸೊತ್ತಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾತ್ರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ. ಅಲ್ಲಿ ಎದ್ದ ಪ್ರಶ್ನೆ ಯಾವ ಸಿಲೆಬಸ್ಸಿನಲ್ಲೂ ಇಲ್ಲದ್ದು: ಮೀಸಲಾತಿಗೆ ಮದುವೆಯಾದ ಹೆಣ್ಣುಮಗಳ ಜಾತಿ-ಆದಾಯ ಪ್ರಮಾಣಪತ್ರ ಅಪ್ಪನದೋ ಗಂಡನದೋ? ಅಪ್ಪನದು ಕೊಟ್ಟವರನ್ನು ಸಾಮಾನ್ಯ ವರ್ಗಕ್ಕೆ ತಳ್ಳಿದರು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಅಜ್ಜಿ ಗಾದೆಗೆ ಶಿಕ್ಷಣ ಇಲಾಖೆಯಲ್ಲಿ ಇಷ್ಟು ಗೌರವ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ. 2023ರ ಜನವರಿಯಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಪ್ಪನ ಆದಾಯವೇ ಸರಿ ಎಂದಿತು. ಅಕ್ಟೋಬರಿನಲ್ಲಿ ವಿಭಾಗೀಯ ಪೀಠ, ನೀವು ಮೊದಲು ಹೋಗಬೇಕಾದದ್ದು ಕೆಎಟಿಗೆ ಎಂದಿತು. ಅಪ್ಪನ ಮನೆಯೂ ಅಲ್ಲ, ಗಂಡನ ಮನೆಯೂ ಅಲ್ಲ, ನ್ಯಾಯಮಂಡಳಿಯ ಬಾಗಿಲು. ಅರ್ಜಿ ಹಾಕಿದವಳ ಸ್ವಂತ ಓದು, ಸ್ವಂತ ಅಂಕ ಯಾರ ಮನೆಗೆ ಸೇರಿದ್ದು ಎಂದು ಮಾತ್ರ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ನೇಮಕಾತಿ ಎಂಬ ಆಟ ಶುರುವಾದ ಮೇಲೆ ಆಟದ ನಿಯಮ ಬದಲಿಸಕೂಡದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದೆ. ಅದೇ ತೀರ್ಪಿನಲ್ಲಿ, ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹುದ್ದೆ ಹಕ್ಕಾಗುವುದಿಲ್ಲ ಎಂದೂ ಇದೆ. ಅಂದರೆ ನಿಶ್ಚಿತಾರ್ಥವಾಗಿದೆ, ಲಗ್ನಪತ್ರಿಕೆ ಹಂಚಿದೆ, ಮದುವೆ ಮಾತ್ರ ಬೀಗರ ಇಚ್ಛೆ. ಸಕಾರಣ ಇಲ್ಲದೆ ಬೀಗರು ಹಿಂದೆ ಸರಿಯಬಾರದಂತೆ. ನಮ್ಮ ಸರಕಾರಗಳಿಗೆ ಕಾರಣದ ಬರ ಎಂದಾದರೂ ಬಂದದ್ದುಂಟೆ?

ಮೊನ್ನೆ ಸಂಜೆ ಹುಡುಗ ಪೇಢೆ ಪೊಟ್ಟಣ ಹಿಡಿದು ಕೆಳಗಿಳಿದು ಬಂದ. ಮುಖ ಅರಳಿತ್ತು. ನನ್ನ ಎದೆ ಧಸಕ್ಕೆಂದಿತು, ಖೋಲಿ ಖಾಲಿಯಾಗುತ್ತದಲ್ಲ.

"ಏನೋ, ಆರ್ಡರ್ ಬಂತೇನು?"

"ಇಲ್ರಿ ಸರ, ಸ್ಟೇ ಸಿಕ್ತು!"

ಎರಡು ಪೇಢೆ ತಗೊಂಡೆ. ಒಳಗೆ ಹೋಗಿ ಮುಂದಿನ ಹನ್ನೊಂದು ತಿಂಗಳ ಕರಾರುಪತ್ರ ತಂದೆ. ಪೆನ್ನು ಅವನ ಕಿಸೆಯಲ್ಲೇ ಇತ್ತು, ಒಎಂಆರ್ ತುಂಬುವ ಕಪ್ಪು ಪೆನ್ನು.