ಮಳೆಯ ಮೇಲೆ ಮುನಿಸೇಕೆ?

ಪ್ರತಿಯೊಂದು ವಸ್ತುವಿಗೂ ಅದರದೇ ಸ್ವಭಾವವಿದೆ, ಅದನ್ನು ದೂಷಿಸುವುದು ನಿರರ್ಥಕ ಎಂದು ಲೇಖಕರೊಬ್ಬರು ಬರೆದದ್ದನ್ನು ಓದಿದೆ. ಆ ಮಾತನ್ನು ಒಪ್ಪುತ್ತೇನೆ. ಆದರೆ ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದೆಂಬ ಅರ್ಥ ಅವರ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ. ಅಷ್ಟಕ್ಕೆ ನನ್ನ ತಕರಾರು.

ಮಲೆನಾಡಿನ ಅಡಿಕೆ ತೋಟವನ್ನೇ ನೋಡಿ. ಎಡೆಬಿಡದೆ ಸುರಿಯುವ ಮಳೆ, ಆರದ ತೇವ ಮತ್ತು ಮೋಡ ಕವಿದ ಆಕಾಶ ಕೂಡಿದಾಗ ಕೊಳೆರೋಗ ಹರಡಿ, ಹಸಿರು ಕಾಯಿಗಳು ಗೊನೆಯಿಂದ ಕಳಚಿ ನೆಲದ ಮೇಲೆ ಹಾಸಿಕೊಳ್ಳುತ್ತವೆ. ಆದರೆ ಆ ಮಳೆಯೇ ಇಲ್ಲದಿದ್ದರೆ ಬೇಸಿಗೆಯಲ್ಲಿ ತೋಟಕ್ಕೆ ಹಾಯಿಸುವ ಹಳ್ಳದ ನೀರೂ ಇರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಿಗೆ ಕಲಿಸಿದರು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು: ಶೇ. 1ರ ಈ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೊಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಗೊನೆಗೆ ಸಿಂಪಡಿಸುವ ಪದ್ಧತಿ ಇಂದಿಗೂ ಉಳಿದಿದೆ. ಮಳೆನೀರು ತಾಗದಂತೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವ ಕ್ರಮವೂ ಇದೆ. ಮಳೆ ಮಳೆಯಂತೆಯೇ ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡವನು ಮಾತ್ರ ಮೇ ತಿಂಗಳಲ್ಲೇ ಸುಣ್ಣ ತಂದಿಟ್ಟುಕೊಳ್ಳುತ್ತಾನೆ.

ನಾನಂತೂ ಹಲವು ವರ್ಷ ಆಷಾಢದ ಆಕಾಶವನ್ನು ಬೈಯುತ್ತಾ ಕಳೆದವನು (ಎರಡನೆಯ ಸಿಂಪಡಣೆ ತಡವಾದದ್ದು ನನ್ನ ಸೋಮಾರಿತನದಿಂದ ಎಂಬುದನ್ನು ಆಗ ಯಾರಿಗೂ ಹೇಳಲಿಲ್ಲ). ಈಗ ಬಿಸಿಲು ಇಣುಕಿದ ದಿನ ಮರ ಹತ್ತುವವರಿಗೆ ಬೆಳಿಗ್ಗೆಯೇ ಹೇಳಿ ಕಳಿಸುತ್ತೇನೆ. ಅವರು ಸಿಗದಿದ್ದರೆ ಮಾತ್ರ ಹಳೆಯ ಸಿಟ್ಟು ಸ್ವಲ್ಪ ಮರಳುತ್ತದೆ.