ರಿಗಿ ಬೆಟ್ಟವನ್ನು ನಡೆದೇ ಹತ್ತಬೇಕು

ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರು ಯುಂಗ್‌ಫ್ರಾಯೋಖ್ ಅಥವಾ ಟಿಟ್ಲಿಸ್‌ನ ಹಿಮ ನೋಡಿಕೊಂಡು ಬರುವುದು ವಾಡಿಕೆ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಕಾಲಿನಲ್ಲಿ ಕಸುವು ಇರುವವರು ಒಂದು ದಿನವನ್ನು ಲುಸೆರ್ನ್ ಸರೋವರದ ದಡದಲ್ಲಿರುವ ರಿಗಿ ಬೆಟ್ಟಕ್ಕೆ ಮೀಸಲಿಡಬೇಕು, ಅದನ್ನು ನಡೆದೇ ಹತ್ತಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಿಗಿಯ ತುದಿಯಾದ ಕುಲ್ಮ್‌ನ ಎತ್ತರ 1,798 ಮೀಟರ್. ನಮ್ಮ ಮುಳ್ಳಯ್ಯನಗಿರಿಯೇ ಇದಕ್ಕಿಂತ ಎತ್ತರ. ಆದರೆ ಈ ಬೆಟ್ಟ ಆಲ್ಪ್ಸ್‌ನ ಉತ್ತರದ ಅಂಚಿನಲ್ಲಿ, ಮೂರು ಸರೋವರಗಳ ನಡುವೆ ಒಂಟಿಯಾಗಿ ಎದ್ದು ನಿಂತಿರುವುದರಿಂದ, ಒಂದು ಕಡೆ ಹಿಮಶಿಖರಗಳ ಸಾಲೂ ಇನ್ನೊಂದು ಕಡೆ ತಗ್ಗು ನಾಡೂ ತುದಿಯಿಂದ ಒಟ್ಟಿಗೆ ಕಾಣುತ್ತವೆ.

ಸರೋವರದ ದಡದ ವೆಗ್ಗಿಸ್ ಊರಿನಿಂದ ಹೊರಟರೆ 1,300 ಮೀಟರಿಗೂ ಹೆಚ್ಚು ಏರು. ದಾರಿಯ ಹಳದಿ ಫಲಕಗಳಲ್ಲಿ ದೂರದ ಬದಲು ಹಿಡಿಯುವ ಹೊತ್ತನ್ನು ಬರೆದಿರುತ್ತಾರೆ. ನಡುವೆ ಫೆಲ್ಸೆನ್‌ಟೋರ್ ಎಂಬಲ್ಲಿ ಕಾಲುದಾರಿಯು ಒಂದಕ್ಕೊಂದು ಒರಗಿದ ಭಾರೀ ಬಂಡೆಗಳ ಅಡಿಯಲ್ಲೇ ನುಸುಳಿ ಹೋಗುತ್ತದೆ. ಅಲ್ಲಿ ನಿಂತು ಬಂಡೆಯ ಮೈಯನ್ನು ಹತ್ತಿರದಿಂದ ನೋಡಬೇಕು: ಕಾಂಕ್ರೀಟಿನಲ್ಲಿ ಜಲ್ಲಿ ಕೂತಂತೆ ಸಣ್ಣ ದೊಡ್ಡ ಉರುಟು ಕಲ್ಲುಗಳು ಒತ್ತೊತ್ತಾಗಿ ಹುದುಗಿವೆ. ಆಲ್ಪ್ಸ್ ಮೇಲೇಳುತ್ತಿದ್ದ ಕಾಲದಲ್ಲಿ ನದಿಗಳು ಉರುಳಿಸಿ ತಂದ ಆ ಕಲ್ಲುಗಳೇ ಕಾಲಾಂತರದಲ್ಲಿ ಬೆಸೆದುಕೊಂಡು ಈ ಬೆಟ್ಟವಾಗಿವೆ. ತುದಿಯವರೆಗೆ ರೈಲೂ ಇದೆ, ಆದರೆ ಅದರ ಕಿಟಕಿಗೆ ಇದು ದಕ್ಕುವುದಿಲ್ಲ.

ಎದುರಿನ ರೊಸ್‌ಬರ್ಗ್ ಬೆಟ್ಟದ್ದೂ ಇದೇ ಬಗೆಯ ಕಲ್ಲು. 1806ರ ಸೆಪ್ಟೆಂಬರ್ 2ರಂದು, ಭಾರೀ ಮಳೆಯ ಬಳಿಕ, ಅದರ ಒಂದು ಮಗ್ಗುಲೇ ಜಾರಿ ಗೋಲ್ಡೌ ಊರನ್ನು ಹೂತುಹಾಕಿತು. 457 ಮಂದಿ ಸತ್ತರು. ಜಾರಿದ ಆ ಇಳಿಜಾರನ್ನು ರಿಗಿಯಿಂದ ಇಂದಿಗೂ ಗುರುತಿಸಬಹುದು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡ ನಾವು ಅದನ್ನು ಬರಿಯ ದೃಶ್ಯವೆಂದು ನೋಡಿ ಮುಂದೆ ಹೋಗಲಾರೆವು.

ತುದಿಯಲ್ಲಿ ರೈಲಿನಲ್ಲಿ ಬಂದವರ ಜನಜಂಗುಳಿ ಇದ್ದೇ ಇರುತ್ತದೆ, ಅದಕ್ಕೆ ಬೇಸರ ಬೇಡ. ವಯಸ್ಸಾದವರಿಗೂ ಮಕ್ಕಳಿಗೂ ಈ ನೋಟ ಸಿಗುತ್ತಿರುವುದು ಆ ರೈಲಿನಿಂದಲೇ. ನಿಕ್ಲಾಸ್ ರಿಗ್ಗೆನ್‌ಬಾಖ್ ಎಂಬ ಎಂಜಿನಿಯರ್ ರೂಪಿಸಿದ, ಚಕ್ರದ ಹಲ್ಲುಗಳು ಕಚ್ಚಿಕೊಳ್ಳುವ ಹಲ್ಲುಹಳಿಯ ಮೇಲೆ ಓಡುವ ಈ ರೈಲು 1871ರಲ್ಲಿ ಫಿಟ್ಸ್‌ನೌ ಊರಿನಿಂದ ಹೊರಟಾಗ, ಯುರೋಪಿನಲ್ಲಿ ಬೆಟ್ಟ ಹತ್ತಿದ ಇಂಥ ಮೊದಲ ರೈಲಾಗಿತ್ತು. ಇಳಿಯುವಾಗ ಮಂಡಿಗೆ ಬೀಳುವ ಭಾರ ಹತ್ತುವಾಗಿನದಕ್ಕಿಂತ ಹೆಚ್ಚು, ಆದ್ದರಿಂದ ಇಳಿಯಲು ಆ ರೈಲನ್ನೇ ಹಿಡಿಯಿರಿ. ಕೊನೆಯ ರೈಲಿನ ಹೊತ್ತನ್ನು ಮಾತ್ರ ಬೆಳಿಗ್ಗೆ ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.